ಕೆಲಸ ಬಿಟ್ಟು ಸ್ವಂತ ವ್ಯಾಪಾರ: ನಿಮ್ಮ ಮನೆಗೆ ಯಾವ ದಾರಿ ಹೊಂದುತ್ತದೆ?

ಬೆಂಗಳೂರಿನ ಆಫೀಸುಗಳಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಈ ಮಾತು ಬಂದೇ ಬರುತ್ತದೆ. ಒಬ್ಬರಿಗೆ ಊರಲ್ಲಿ ಎಣ್ಣೆ ಗಾಣ ಹಾಕುವ ಆಸೆ, ಇನ್ನೊಬ್ಬರಿಗೆ ಕೆಫೆ, ಮತ್ತೊಬ್ಬರಿಗೆ ಸ್ವಂತ ಸಾಫ್ಟ್‌ವೇರ್. ಮಾತೆಲ್ಲ "ಬಿಡಲಾ, ಬೇಡ್ವಾ" ಅನ್ನುವುದರ ಸುತ್ತಲೇ ತಿರುಗುತ್ತದೆ. ಹೇಗೆ ಬಿಡುವುದು ಅನ್ನುವ ಮಾತು ಬರುವುದೇ ಕಡಿಮೆ.

ಬಿಡುವುದಕ್ಕೆ ನಾಲ್ಕು ದಾರಿ ಇವೆ. ಒಮ್ಮೆಲೇ ರಾಜೀನಾಮೆ ಕೊಟ್ಟು ಇಳಿಯುವುದು. ಕೆಲಸದ ಜೊತೆಗೇ ಸಣ್ಣದಾಗಿ ಶುರು ಮಾಡುವುದು. ಕೆಲಸ ಬಿಟ್ಟು, ಅದೇ ವಿದ್ಯೆಯನ್ನು ವಾರಕ್ಕೆ ಇಷ್ಟು ದಿನ ಅಂತ ಕನ್ಸಲ್ಟಿಂಗ್ ಮಾಡಿಕೊಂಡು, ಉಳಿದ ದಿನ ವ್ಯಾಪಾರ ಕಟ್ಟುವುದು. ಗಂಡ ಹೆಂಡತಿಯಲ್ಲಿ ಒಬ್ಬರ ಸಂಬಳ ಹಾಗೇ ಇಟ್ಟುಕೊಂಡು ಇನ್ನೊಬ್ಬರು ಇಳಿಯುವುದು.

ನಾನು ಸಂಬಳದ ಕೆಲಸ ಬಿಟ್ಟು ಮಸಾಲೆ ಪುಡಿ ಮಾಡುವ ಸಣ್ಣ ಘಟಕ ನಡೆಸುತ್ತಿರುವವಳು. ಯಾವ ವ್ಯಾಪಾರ ಒಳ್ಳೆಯದು ಅಂತ ಇಲ್ಲಿ ಹೇಳಲು ಹೊರಟಿಲ್ಲ. ಈ ನಾಲ್ಕು ದಾರಿಗಳಲ್ಲಿ ಯಾವುದು ಮನೆಯ ಮೇಲೆ, ಮೈಮೇಲೆ, ಮನಸ್ಸಿನ ಮೇಲೆ ಎಷ್ಟು ಭಾರ ಹಾಕುತ್ತದೆ ಅನ್ನುವುದನ್ನು ಹೋಲಿಸುತ್ತೇನೆ. ದಾರಿ ಆರಿಸುವಾಗ ನಿಮ್ಮ ಐಡಿಯಾಕ್ಕಿಂತ ನಿಮ್ಮ ಮನೆಯನ್ನು ಮೊದಲು ನೋಡಿ. ನನ್ನ ಖಚಿತ ಅಭಿಪ್ರಾಯ ಇದು.

ಎಲ್ಲ ದಾರಿಗೂ ಬೇಕಾದ ಲೆಕ್ಕ

ಮನೆ ನಡೆಯುವ ದುಡ್ಡು ಬೇರೆ, ವ್ಯಾಪಾರದ ಬಂಡವಾಳ ಬೇರೆ. ಇವೆರಡನ್ನೂ ಒಂದೇ ಖಾತೆಯಲ್ಲಿ ಇಟ್ಟವರು ಮೊದಲ ವರ್ಷವೇ ಕಷ್ಟಕ್ಕೆ ಬೀಳುತ್ತಾರೆ. ಮನೆಗೆ ತಿಂಗಳಿಗೆ 80,000 ರೂಪಾಯಿ ಬೇಕು ಅಂತಿಟ್ಟುಕೊಳ್ಳಿ. 18 ತಿಂಗಳಿಗೆ 14.4 ಲಕ್ಷ ಆಯ್ತು. ಇದಕ್ಕೆ ತಿಂಗಳ ಲೆಕ್ಕದಲ್ಲಿ ಕಾಣದ ಖರ್ಚು ಸೇರಿಸಿ: ಜೂನ್‌ನ ಸ್ಕೂಲ್ ಫೀಸು, ಎಲ್‌ಐಸಿ ಕಂತು, ಆಸ್ತಿ ತೆರಿಗೆ, ಗೌರಿ ಗಣೇಶ, ದೀಪಾವಳಿ, ಊರಿನ ಮದುವೆ ಮುಂಜಿ. ಅಪ್ಪ ಅಮ್ಮನ ಔಷಧಿ ನಿಮ್ಮ ಜೇಬಿನಿಂದ ಹೋಗುತ್ತಿದ್ದರೆ ಅದನ್ನೂ ಸೇರಿಸಿ.

ಬಂಡವಾಳದ ಕಡೆ ಬರೋಣ. ನನ್ನ ಕಸುಬಿನ ಉದಾಹರಣೆ ಹೇಳುತ್ತೇನೆ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಜೋರಾಗಿ ಬರುವುದು ಜನವರಿಯಿಂದ ಬೇಸಿಗೆಯವರೆಗೆ. ಬಣ್ಣ ಚೆನ್ನಾಗಿರುವ ಮಾಲು ವರ್ಷಪೂರ್ತಿ ಬೇಕೆಂದರೆ ಆಗಲೇ ಕೊಂಡು ಕೋಲ್ಡ್ ಸ್ಟೋರೇಜಿನಲ್ಲಿ ಇಡಬೇಕು. ಅಂದರೆ ಡಿಸೆಂಬರ್‌ನಲ್ಲಿ ಮಾರುವ ಪುಡಿಯ ದುಡ್ಡು ಮಾರ್ಚ್‌ನಲ್ಲೇ ಮೂಟೆಯಲ್ಲಿ ಕೂತಿರುತ್ತದೆ. ಬ್ಯಾಲೆನ್ಸ್ ನೋಡಿದರೆ ಎದೆ ಝಲ್ ಅನ್ನುತ್ತದೆ, ವ್ಯಾಪಾರ ಮಾತ್ರ ಚೆನ್ನಾಗೇ ನಡೆದಿರುತ್ತದೆ. ಆ ತಿಂಗಳುಗಳಲ್ಲಿ ಮನೆಯ ದುಡ್ಡು ಬೇರೆ ಇದ್ದರೆ ಮಾತ್ರ ರಾತ್ರಿ ನಿದ್ದೆ ಬರುತ್ತದೆ.

ಸಂಬಳದ ಚೀಟಿಯ ಜೊತೆ ಸದ್ದಿಲ್ಲದೆ ಹೋಗುವ ಇನ್ನೂ ಕೆಲವು ಇವೆ. ಕಂಪನಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೆ ಮುಗಿಯುತ್ತದೆ. ಹೊಸ ಪಾಲಿಸಿಗೆ ಮೊದಲ 30 ದಿನದ ಕಾಯುವ ಅವಧಿ ಇರುತ್ತದೆ, ಅಪಘಾತಕ್ಕೆ ಮಾತ್ರ ವಿನಾಯಿತಿ. ಮೊದಲೇ ಇರುವ ಸಕ್ಕರೆ ಕಾಯಿಲೆ, ಬಿಪಿಯಂಥವುಗಳಿಗೆ 3 ವರ್ಷದವರೆಗೂ ಕಾಯಿಸಬಹುದು. ಹಾಗಾಗಿ ಪಾಲಿಸಿಯನ್ನು ಕೆಲಸದಲ್ಲಿ ಇರುವಾಗಲೇ ಮಾಡಿಸಿ. ಕಂಪನಿಯ ಗುಂಪು ವಿಮೆಯಿಂದ ಅದೇ ವಿಮಾ ಸಂಸ್ಥೆಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ಆಗುತ್ತದಾ ಅಂತಲೂ ಕೇಳಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ, ಅಷ್ಟು ಉಳಿತಾಯ. ಟರ್ಮ್ ಇನ್ಶೂರೆನ್ಸ್ ಕೂಡ ಸಂಬಳದ ಚೀಟಿ ಕೈಯಲ್ಲಿರುವಾಗ ಸಲೀಸಾಗಿ ಸಿಗುತ್ತದೆ. ವ್ಯಾಪಾರಕ್ಕೆ ಇಳಿದ ಮೇಲೆ ಆದಾಯದ ಪುರಾವೆ ಕೊಡುವಷ್ಟರಲ್ಲಿ ಸಾಕಾಗಿ ಹೋಗುತ್ತದೆ.

ಗ್ರಾಚ್ಯುಟಿ, ಅಂದರೆ ಬಿಡುವಾಗ ಕಂಪನಿ ಕೊಡುವ ಸೇವೆಯ ಮೊತ್ತ, ಕಾಯಂ ನೌಕರರಿಗೆ ಸಿಗಲು ಐದು ವರ್ಷ ತುಂಬಬೇಕು. ಕೊನೆಯ ಮೂಲವೇತನ 60,000 ಇದ್ದರೆ ಐದು ವರ್ಷಕ್ಕೆ ಸುಮಾರು 1.73 ಲಕ್ಷ ಬರುತ್ತದೆ. ಎರಡು ಮೂರು ತಿಂಗಳು ಮಾತ್ರ ಬಾಕಿ ಇದ್ದರೆ ತಡೆದುಕೊಳ್ಳಿ. ಪಿಎಫ್ ಮುಟ್ಟಬೇಡಿ. ಐದು ವರ್ಷದ ಸೇವೆ ತುಂಬುವ ಮೊದಲು ತೆಗೆದರೆ ತೆರಿಗೆ ಬೀಳುತ್ತದೆ. ಕೆಲಸ ಬಿಟ್ಟ ಮಾತ್ರಕ್ಕೆ ಬಡ್ಡಿ ಏನೂ ನಿಲ್ಲುವುದಿಲ್ಲ, ಆದರೆ ಬಿಟ್ಟ ನಂತರದ ಬಡ್ಡಿಗೆ ತೆರಿಗೆ ಉಂಟು.

ಒಮ್ಮೆಲೇ ರಾಜೀನಾಮೆ

ಇದರ ದೊಡ್ಡ ಲಾಭ ಗಮನ. ಬೆಳಗ್ಗೆ ಎದ್ದ ಕೂಡಲೇ ತಲೆಯಲ್ಲಿ ಒಂದೇ ಕೆಲಸ ಇರುತ್ತದೆ. ಗಿರಾಕಿ ಹಗಲು ಹೊತ್ತಲ್ಲಿ ಬರುವ ವ್ಯಾಪಾರಗಳಿಗೆ, ಅಂದರೆ ಹೋಟೆಲು, ಅಂಗಡಿ, ಇಂಟೀರಿಯರ್ಸ್, ಡೇ ಕೇರ್‌ನಂಥವಕ್ಕೆ, ಬೇರೆ ದಾರಿಯೂ ಇಲ್ಲ ಅನ್ನಬಹುದು.

ಕಷ್ಟ ಶುರುವಾಗುವುದು ಮೊದಲ ತಿಂಗಳ ಕೊನೆಗೆ. ಸಂಬಳದ ಮೆಸೇಜ್ ಬರುವುದಿಲ್ಲ, ಇಎಂಐ ಕಡಿತದ ಮೆಸೇಜ್ ಮಾತ್ರ ಬರುತ್ತದೆ. ಅದು ಬರುತ್ತದೆ ಅಂತ ಗೊತ್ತಿದ್ದರೂ ಹೊಟ್ಟೆಯೊಳಗೆ ಒಂದು ತರಹ ಆಗುತ್ತದೆ. ಈ ಭಯದಲ್ಲಿ ಜನ ಮಾಡುವ ಕೆಲಸ ಒಂದೇ: ಸಿಕ್ಕ ಗಿರಾಕಿಗೆ ಸಿಕ್ಕ ಬೆಲೆಗೆ ಒಪ್ಪಿಕೊಳ್ಳುವುದು. ಒಮ್ಮೆ ಕಡಿಮೆ ಬೆಲೆಗೆ ಒಪ್ಪಿದ ಮೇಲೆ ಅದೇ ಗಿರಾಕಿಗೆ ಬೆಲೆ ಏರಿಸುವುದು ಬಹಳ ಕಷ್ಟ. ಹಾಗಾಗಿ ಮನೆ ಖರ್ಚಿಗೆ 18 ತಿಂಗಳ ದುಡ್ಡು ಇಲ್ಲದೆ ಈ ದಾರಿಗೆ ಬರಬೇಡಿ ಅಂತ ನಾನು ಹೇಳುವುದು. ಹನ್ನೆರಡು ತಿಂಗಳು ಸಾಕು ಅನ್ನುವವರಿದ್ದಾರೆ. ನನ್ನ ಪ್ರಕಾರ ಸಾಲದು. ಲೈಸೆನ್ಸು, ಬಾಡಿಗೆ ಕರಾರು, ಮೆಷಿನ್ ಬರುವುದು, ಕರೆಂಟ್ ಲೋಡ್ ಹೆಚ್ಚಿಸುವುದು, ಇಷ್ಟರಲ್ಲೇ ಮೊದಲ ಕೆಲವು ತಿಂಗಳು ಹೋಗಿಬಿಡುತ್ತವೆ. ಮಾರಾಟ ಆಮೇಲಿನ ಮಾತು.

ಗೃಹಸಾಲದ ಯೋಚನೆ ಇದ್ದವರು ಇನ್ನೊಂದು ಗಮನಿಸಿ. ಸ್ವಂತ ಉದ್ಯೋಗದವರಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಎರಡು ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ ಕೇಳುತ್ತವೆ. ಇಂದು ರಾಜೀನಾಮೆ ಕೊಟ್ಟರೆ ಮನೆ ಕೊಳ್ಳುವ ಯೋಚನೆ ಅಷ್ಟು ವರ್ಷ ಮುಂದಕ್ಕೆ ಹೋಯಿತು ಅಂತ ಲೆಕ್ಕ ಹಾಕಿ. ಹಾಗಂತ ಬಿಡುವ ಮೊದಲು ಅವಸರದಲ್ಲಿ ಹೊಸ ಇಎಂಐ ತಲೆಗೆ ಕಟ್ಟಿಕೊಳ್ಳುವುದೂ ಬೇಡ.

ಕೆಲಸದ ಜೊತೆಗೇ ಶುರು

ನನ್ನ ಗೆಳೆಯರೊಬ್ಬರು ಐಟಿ ಕೆಲಸದಲ್ಲಿದ್ದುಕೊಂಡೇ ಕಡಲೆಕಾಯಿ ಎಣ್ಣೆಯ ಮರದ ಗಾಣ ಹಾಕಿದರು. ಬೀಜ ಚಳ್ಳಕೆರೆ ಕಡೆಯಿಂದ ತರುತ್ತಿದ್ದರು. ಒಂದು ಶುಕ್ರವಾರ ರಾತ್ರಿ ಅವರ ಶೆಡ್ಡಿಗೆ ಹೋಗಿದ್ದೆ. ಗಾಣದ ಕಿರ್ರ್ ಸದ್ದು, ಬಿಸಿ ಹಿಂಡಿಯ ವಾಸನೆ, ಮೂಲೆಯಲ್ಲಿ ಗಸಿ ಇಳಿಯಲಿ ಅಂತ ಬಿಟ್ಟ ಸ್ಟೀಲ್ ಡ್ರಮ್ಮುಗಳು. ಕಡಲೆಬೀಜದ ಮೂಟೆ ಮೇಲೆ ಲ್ಯಾಪ್‌ಟಾಪ್. ಅಮೆರಿಕದ ಟೀಮಿನ ಕಾಲ್ ನಡೀತಾ ಇತ್ತು. ಇವರು ಮ್ಯೂಟ್ ಹಾಕಿಕೊಂಡು ಎಣ್ಣೆ ಸೋಸುತ್ತಿದ್ದರು. ತಮ್ಮ ಹೆಸರು ಕೇಳಿದ ಕೂಡಲೇ ಕೈ ಒರೆಸಿಕೊಂಡು, ಗಾಣ ನಿಲ್ಲಿಸಿ, ಉತ್ತರ ಕೊಟ್ಟು, ಮತ್ತೆ ಗಾಣ ಹಾಕಿದರು.

ಈ ದಾರಿಯ ಬಲವೂ ಬೆಲೆಯೂ ಆ ಶೆಡ್ಡಿನಲ್ಲೇ ಕಂಡಿತು. ಒಂದು ಲೀಟರ್ ಎಣ್ಣೆಗೆ ಸುಮಾರು ಎರಡೂವರೆ ಕೆಜಿ ಬೀಜ ಬೇಕು, ಬಾಟಲಿ ಮುಚ್ಚಳ ಸರಿ ಇಲ್ಲದಿದ್ದರೆ ಕೊರಿಯರ್‌ನಲ್ಲಿ ಸೋರುತ್ತದೆ, ಅಪಾರ್ಟ್‌ಮೆಂಟ್ ಗಿರಾಕಿ ಎರಡನೇ ಸಲ ಕೊಂಡರೆ ಮಾತ್ರ ನಿಜವಾದ ಗಿರಾಕಿ. ಇದನ್ನೆಲ್ಲ ಅವರು ಸಂಬಳ ಬರುತ್ತಿರುವಾಗಲೇ ಕಲಿತರು. ಬೆಲೆ ಕೊಟ್ಟದ್ದು ನಿದ್ದೆ, ಶನಿವಾರ ಭಾನುವಾರಗಳು, ಮಕ್ಕಳ ಜೊತೆ ಕಳೆಯುವ ಹೊತ್ತು. ಆರೇಳು ತಿಂಗಳು ಯಾರಾದರೂ ತಡೆಯಬಹುದು. ಎರಡು ವರ್ಷ ಎಳೆದರೆ ಎರಡೂ ಕಡೆ ಕೆಲಸ ಕೆಡುತ್ತದೆ, ಮನೆಯವರ ತಾಳ್ಮೆಯೂ ಮುಗಿಯುತ್ತದೆ. ಇಂಥ ತಿಂಗಳೊಳಗೆ ಇಷ್ಟು ಮಾರಾಟ ಆದರೆ ಬಿಡುತ್ತೇನೆ, ಆಗದಿದ್ದರೆ ಗಾಣ ನಿಲ್ಲಿಸುತ್ತೇನೆ ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ.

ಬೆಂಗಳೂರಿನ ಐಡಿ ಫ್ರೆಶ್ ದೋಸೆ ಹಿಟ್ಟಿನ ಕಂಪನಿ 2005ರಲ್ಲಿ ಶುರುವಾದದ್ದೂ ಸುಮಾರು ಹೀಗೇ. ಪಿ.ಸಿ. ಮುಸ್ತಫಾ ಕೆಲಸದಲ್ಲಿದ್ದುಕೊಂಡು ದುಡ್ಡು ಹಾಕಿದರು, ಸೋದರ ಸಂಬಂಧಿಗಳು ಹಿಟ್ಟು ರುಬ್ಬಿ ಮಾರಿದರು. ಮುಸ್ತಫಾ ಪೂರ್ತಿಯಾಗಿ ಇಳಿದದ್ದು ಆಮೇಲೆ. ಹಗಲು ನೋಡಿಕೊಳ್ಳುವ ನಂಬಿಕೆಯ ಜನ ಇದ್ದರೆ ಈ ದಾರಿ ಎಷ್ಟು ಸುಲಭವಾಗುತ್ತದೆ ಅನ್ನುವುದು ಇಲ್ಲಿ ಗೊತ್ತಾಗುತ್ತದೆ. ನಿಮಗೆ ಅಂಥವರಿಲ್ಲದಿದ್ದರೆ ಸಗಟು ಖರೀದಿಯೇ ತಲೆನೋವು. ಬೆಂಗಳೂರಿನ ಚಿಕ್ಕಪೇಟೆ, ಅವೆನ್ಯೂ ರಸ್ತೆಯಂಥ ಸಗಟು ಪೇಟೆಗಳ ವ್ಯವಹಾರ ಹೆಚ್ಚಾಗಿ ವಾರದ ದಿನಗಳ ಹಗಲಿನದು.

ಕಾನೂನಿನ ಮಾತು ಮರೆಯಬೇಡಿ. ಆಫರ್ ಲೆಟರ್ ತೆಗೆದು ಬೇರೆ ಕೆಲಸ ಮಾಡುವ ಬಗ್ಗೆ, ನೀವು ತಯಾರಿಸಿದ್ದು ಯಾರದಾಗುತ್ತದೆ ಅನ್ನುವ ಬಗ್ಗೆ ಏನಿದೆ ಓದಿ. 2022ರಲ್ಲಿ ವಿಪ್ರೋ 300 ಜನರನ್ನು ಇದೇ ವಿಷಯಕ್ಕೆ ತೆಗೆಯಿತು. ಅವರು ಪ್ರತಿಸ್ಪರ್ಧಿ ಕಂಪನಿಗಳಿಗೂ ಕೆಲಸ ಮಾಡುತ್ತಿದ್ದರು ಅನ್ನುವುದು ಕಾರಣ. ಮೆಣಸಿನ ಪುಡಿ ಮಾರುವುದಕ್ಕೂ ಅದಕ್ಕೂ ವ್ಯತ್ಯಾಸ ಇದೆ, ನಿಜ. ಆದರೂ ಲಿಖಿತ ಒಪ್ಪಿಗೆ ಪಡೆದರೆ ನೆಮ್ಮದಿ. ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಸ್ವಂತ ಕೆಲಸ ಬೇಡವೇ ಬೇಡ.

ಮೊದಲ ದಿನದಿಂದ ವ್ಯಾಪಾರಕ್ಕೆ ಬ್ಯಾಂಕಿನಲ್ಲಿ ಬೇರೆ ಕರೆಂಟ್ ಅಕೌಂಟ್ ಮಾಡಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ಅಂಗಡಿಗಳಿಗೆ ನೋಟಿಸ್ ಕೊಟ್ಟಾಗ ಎಷ್ಟೋ ಜನ ಕಂಗಾಲಾದರು. ಮನೆಯ ದುಡ್ಡು, ಕೈಗಡ, ವ್ಯಾಪಾರ ಎಲ್ಲ ಒಂದೇ ಖಾತೆಯಲ್ಲಿ ಸೇರಿಕೊಂಡಿದ್ದರೆ ಬಿಡಿಸಿ ತೋರಿಸುವುದು ಬಹಳ ಕಷ್ಟ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಬೇರೆ ರಾಜ್ಯಕ್ಕೆ ಸರಕು ಕಳಿಸುವವರು, ಆನ್‌ಲೈನ್ ತಾಣಗಳಲ್ಲಿ ಮಾರುವವರು ಇನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು.

ಕನ್ಸಲ್ಟಿಂಗ್ ಜೊತೆ ವ್ಯಾಪಾರ

ನಾನು ಬಂದದ್ದು ಈ ದಾರಿಯಲ್ಲಿ. ಸಂಬಳದಷ್ಟು ಬರುವುದಿಲ್ಲ, ಆದರೆ ಬಾಡಿಗೆಗೆ, ದಿನಸಿಗೆ ಸಾಕಾಗುವಷ್ಟು ಬರುತ್ತದೆ. ಮುಖ್ಯವಾಗಿ, ವ್ಯಾಪಾರದ ಎಳೆಗೂಸಿನಿಂದ ಮನೆಯ ದುಡ್ಡನ್ನು ಕೀಳಬೇಕಾಗುವುದಿಲ್ಲ.

ತೆರಿಗೆಯಲ್ಲೂ ಅನುಕೂಲ ಇದೆ. ಟೆಕ್ನಿಕಲ್ ಕನ್ಸಲ್ಟೆನ್ಸಿಯಂಥ ಕೆಲವು ವೃತ್ತಿಗಳಿಗೆ ವರ್ಷದ ಗಳಿಕೆ 50 ಲಕ್ಷದೊಳಗಿದ್ದರೆ ಅರ್ಧವನ್ನೇ ಆದಾಯ ಅಂತ ತೋರಿಸುವ ಅವಕಾಶ ಇದೆ. ಬಿಲ್ಲಿನಲ್ಲಿ ಸಾಮಾನ್ಯವಾಗಿ 10% ಟಿಡಿಎಸ್, ಅಂದರೆ ದುಡ್ಡು ಕೊಡುವವರೇ ಮೊದಲೇ ಹಿಡಿಯುವ ತೆರಿಗೆ, ಕಡಿತ ಆಗುತ್ತದೆ. ಆದ್ದರಿಂದ ಕೈಗೆ ಬರುವ ಮೊತ್ತದ ಮೇಲೆ ಮನೆ ಲೆಕ್ಕ ಹಾಕಿ.

ತೊಂದರೆ ಎರಡು. ಮೊದಲನೆಯದು, ದುಡ್ಡು ತಡವಾಗಿ ಬರುವುದು. ನೌಕರಿಯಲ್ಲಿದ್ದಾಗ ಬಾಕಿಯ ಚಿಂತೆ ಮಾಡಿದವರಲ್ಲ ನಾವು. ಈಗ ಪ್ರತಿ ವಾರ ಅಕೌಂಟ್ಸ್ ವಿಭಾಗಕ್ಕೆ ಫೋನ್ ಮಾಡಿ ವಿನಯದಿಂದ ಕೇಳಬೇಕು. ಮೊದಮೊದಲು ಬಾಯಿ ಬರುವುದಿಲ್ಲ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಉಚಿತ, ಆನ್‌ಲೈನಲ್ಲೇ ಆಗುತ್ತದೆ. ಕೆಲಸ ಶುರು ಮಾಡುವ ಮೊದಲೇ ಮಾಡಿಸಿಕೊಳ್ಳಿ. ಸಣ್ಣ ಉದ್ಯಮಗಳಿಗೆ ಕೊಳ್ಳುವವರು ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು ಅಂತ ಕಾನೂನಿದೆ. ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಇದ್ದರೆ ಕೇಳುವ ದನಿಗೂ ಬಲ ಬರುತ್ತದೆ.

ಎರಡನೆಯದು ಇನ್ನೂ ದೊಡ್ಡದು. ಕನ್ಸಲ್ಟಿಂಗ್ ಹಿಗ್ಗುತ್ತ ಹೋಗುತ್ತದೆ. ವಾರಕ್ಕೆ ಎರಡು ದಿನ ಅಂತ ಒಪ್ಪಿದ್ದು ನಾಲ್ಕಾಗುತ್ತದೆ. ದುಡ್ಡು ಕಣ್ಣಿಗೆ ಕಾಣುತ್ತದೆ, ವ್ಯಾಪಾರದ ಫಲ ಇನ್ನೂ ಕಾಣುವುದಿಲ್ಲ, ಹಾಗಾಗಿ ಬೇಡ ಅನ್ನಲು ಮನಸ್ಸು ಬಾರದು. ವರ್ಷ ಕಳೆದಾಗ ಹಳೇ ಕೆಲಸವೇ ಕೈಯಲ್ಲಿರುತ್ತದೆ, ಪಿಎಫ್, ರಜೆ, ವಿಮೆ ಮಾತ್ರ ಇರುವುದಿಲ್ಲ. ದಿನಗಳನ್ನು ಕರಾರಿನಲ್ಲೇ ಬರೆಸಿ. ಹಳೇ ಕಂಪನಿಯೇ ಮೊದಲ ಗಿರಾಕಿ ಆಗುವುದಾದರೆ ಇನ್ನೂ ಗಟ್ಟಿಯಾಗಿ ಬರೆಸಿ, ಏಕೆಂದರೆ ಅವರಿಗೆ ನೀವು ಈಗಲೂ ಟೀಮಿನವರೇ.

ಒಬ್ಬರ ಸಂಬಳ, ಇನ್ನೊಬ್ಬರ ವ್ಯಾಪಾರ

ಸಾಧ್ಯ ಇರುವ ಮನೆಗಳಿಗೆ ನಾನು ಮೊದಲು ಹೇಳುವುದು ಇದನ್ನೇ.

ಇನ್ಫೋಸಿಸ್ ಕಥೆ ಎಲ್ಲರಿಗೂ ಗೊತ್ತು. 1981, ಸುಧಾ ಮೂರ್ತಿ ಕೊಟ್ಟ 10,000 ರೂಪಾಯಿ. ಆ ಹತ್ತು ಸಾವಿರದ ಮಾತೇ ಹೆಚ್ಚು ಕೇಳುತ್ತದೆ. ಆದರೆ ಅವರೇ ಹೇಳಿಕೊಂಡಿರುವ ಇನ್ನೊಂದು ಮಾತು ನಮಗೆ ಹೆಚ್ಚು ಉಪಯೋಗದ್ದು: ಮೂರು ವರ್ಷ ಮನೆ ಖರ್ಚು ತಾನು ನೋಡಿಕೊಳ್ಳುತ್ತೇನೆ ಅಂತ ಅವರು ಗಂಡನಿಗೆ ಹೇಳಿದ್ದರು. ನಾರಾಯಣ ಮೂರ್ತಿಯವರ ಮೊದಲ ಕಂಪನಿ ಸಾಫ್ಟ್ರಾನಿಕ್ಸ್ ಅದಕ್ಕೂ ಮುಂಚೆಯೇ ನಿಂತುಹೋಗಿತ್ತು. ಒಮ್ಮೆ ಸೋತವರಿಗೆ ಇನ್ನೊಮ್ಮೆ ಅವಕಾಶ, ಅದಕ್ಕೊಂದು ಗಡುವು, ಮನೆಗೊಂದು ಸಂಬಳ. ಈ ಮೂರೂ ಒಟ್ಟಿಗೆ ಇದ್ದವು. ನಿಮ್ಮ ಮನೆಯಲ್ಲೂ ಈ ಮಾತು ಬಾಯಿಬಿಟ್ಟು ಆಗಬೇಕು. "ನೋಡೋಣ, ಶುರು ಮಾಡು" ಅನ್ನುವುದು ಒಪ್ಪಿಗೆ ಆಗುವುದಿಲ್ಲ. ಎಷ್ಟು ದಿನ, ಎಷ್ಟು ದುಡ್ಡು, ಯಾವ ಒಡವೆ ಮುಟ್ಟಬಾರದು, ಯಾವ ಎಫ್‌ಡಿ ಮುರಿಯಬಾರದು. ಇಷ್ಟನ್ನೂ ಮಾತಾಡಿ.

ಈ ದಾರಿಯ ನೋವು ದುಡ್ಡು ಕೇಳುವುದರಲ್ಲಿದೆ. ಹತ್ತು ವರ್ಷ ಸ್ವಂತ ಸಂಬಳದಲ್ಲಿ ಬದುಕಿದವರು ಪೆಟ್ರೋಲಿಗೆ, ಅಮ್ಮನಿಗೊಂದು ಸೀರೆಗೆ, ಸಂಗಾತಿಯ ಹತ್ತಿರ ಕೈಚಾಚಬೇಕಾಗುತ್ತದೆ. ಯಾರೂ ಏನೂ ಅನ್ನದಿದ್ದರೂ ಒಳಗೆ ಕುಗ್ಗುತ್ತಾರೆ. ಇದಕ್ಕೆ ಸುಲಭದ ಪರಿಹಾರ ಇದೆ. ತಿಂಗಳ ಒಂದನೇ ತಾರೀಖು ಜಂಟಿ ಖಾತೆಗೆ ಮನೆ ಖರ್ಚು ತಾನಾಗಿ ಹೋಗಲಿ. ಇಬ್ಬರ ಸ್ವಂತ ಖಾತೆಗೂ ಸ್ವಲ್ಪ ಸ್ವಲ್ಪ ಹೋಗಲಿ. ಯಾರೂ ಯಾರನ್ನೂ ಕೇಳುವಂತಾಗಬಾರದು.

ಹೆಣ್ಣುಮಕ್ಕಳಿಗೆ ಇದರ ಮೇಲೆ ಇನ್ನೊಂದು ಭಾರ. ಆಫೀಸಿಗೆ ಹೋಗುವಾಗ ಬಾರದ ಮಾತು ಈಗ ಬರುತ್ತದೆ: "ಹೇಗೂ ಮನೇಲೇ ಇರ್ತೀಯಲ್ಲ." ಗ್ಯಾಸ್ ಸಿಲಿಂಡರ್, ಮಗುವಿನ ಪೇರೆಂಟ್ಸ್ ಮೀಟಿಂಗ್, ಬಂದ ನೆಂಟರು, ಅತ್ತೆಯ ಡಾಕ್ಟರ್ ಅಪಾಯಿಂಟ್‌ಮೆಂಟ್, ಎಲ್ಲ ನಮ್ಮ ತಲೆಗೇ ಬೀಳುತ್ತದೆ. ಹಾಗಾಗಿ ಸಾಧ್ಯವಾದರೆ ಮನೆಯಿಂದ ಹೊರಗೆ ಒಂದು ಸಣ್ಣ ಜಾಗ ಹಿಡಿಯಿರಿ. ಪಕ್ಕದ ರಸ್ತೆಯ ಒಂದು ಕೋಣೆಯಾದರೂ ಸರಿ. ಬೆಳಗ್ಗೆ ಬಾಗಿಲು ಹಾಕಿಕೊಂಡು ಹೊರಟರೆ ಮನೆಯವರಿಗೂ ಅದು ಕೆಲಸ ಅಂತ ಕಾಣುತ್ತದೆ. ಆ ಬಾಡಿಗೆ ದಂಡ ಅಲ್ಲ.

ಪಾಲುದಾರಿಕೆ, ಫ್ರ್ಯಾಂಚೈಸಿ ಬಗ್ಗೆ ಕೇಳುತ್ತಾರೆ. ಅವು ವ್ಯಾಪಾರದ ರೂಪಗಳು, ಮೇಲಿನ ನಾಲ್ಕರಲ್ಲಿ ಯಾವುದರ ಜೊತೆಗೂ ಬರಬಹುದು. ಗೆಳೆಯರ ಜೊತೆ ಪಾಲುದಾರಿಕೆ ಆದರೆ ಒಂದೇ ಮಾತು: ಲಾಭ ಬರುವ ಮೊದಲು ಯಾರು ತಿಂಗಳಿಗೆ ಎಷ್ಟು ಮನೆಗೆ ತಗೊಂಡು ಹೋಗುತ್ತೀರಿ ಅನ್ನುವುದನ್ನು ಪತ್ರದಲ್ಲಿ ಬರೆಯಿರಿ.

ಅಮೆರಿಕದಲ್ಲಿ ಎಚ್-1ಬಿ ವೀಸಾದಲ್ಲಿರುವ ಕನ್ನಡಿಗರಿಗೆ ಈ ಹೋಲಿಕೆ ಪೂರ್ತಿ ಬೇರೆ. ಅಲ್ಲಿ ಕೆಲಸ ಬಿಟ್ಟರೆ ಸಾಮಾನ್ಯವಾಗಿ ಹೆಚ್ಚೆಂದರೆ 60 ದಿನದ ಅವಕಾಶ. ವೀಸಾ ಕೊಡಿಸಿದ ಕಂಪನಿ ಬಿಟ್ಟು ಬೇರೆ ಕಡೆ ಸುಮ್ನೆ ದುಡಿಯುವಂತಿಲ್ಲ, ಸ್ವಂತ ವ್ಯಾಪಾರದಲ್ಲಿ ಸಹ. ಕೆಲಸದ ಜೊತೆಗೇ ಶುರು ಮಾಡುವ ಎರಡನೇ ದಾರಿ ಅಲ್ಲಿ ಸುಲಭವಾಗಿ ತೆರೆದಿಲ್ಲ. ಇಮಿಗ್ರೇಷನ್ ವಕೀಲರನ್ನು ಕೇಳದೆ ಹೆಜ್ಜೆ ಇಡಬೇಡಿ.

ಹೆಸರಿನ ಹಿಂದಿನ ಕಂಪನಿ ಹೋದಾಗ

ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದವರು ಕೇಳುವ ಮೊದಲ ಪ್ರಶ್ನೆ "ಎಲ್ಲಿ ಕೆಲಸ?" ಕಂಪನಿಯ ಹೆಸರು ಹೇಳಿದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಈಗ ವಿವರಿಸಬೇಕು. ವಿವರಿಸಿದ ಮೇಲೂ "ಯಾಕೆ, ಆ ಕೆಲಸ ಹೋಯ್ತಾ?" ಅನ್ನುತ್ತಾರೆ. ಅಪ್ಪ ಅಮ್ಮನಿಗೆ ಇದು ನಮಗಿಂತ ಜಾಸ್ತಿ ನೋವು. ಮಗನೋ ಮಗಳೋ ದೊಡ್ಡ ಕಂಪನಿಯಲ್ಲಿದ್ದಾರೆ ಅನ್ನುವುದು ಊರಲ್ಲಿ ಅವರ ಮರ್ಯಾದೆಯೂ ಆಗಿರುತ್ತದೆ. ಅವರಿಗೆ ಬೇರೆಯವರಿಂದ ಗೊತ್ತಾಗುವ ಮೊದಲು ನೀವೇ ಹೋಗಿ ಕೂತು ಹೇಳಿ. ದುಡ್ಡಿನ ಲೆಕ್ಕವನ್ನೂ ತೋರಿಸಿ. ವಿಮೆ ಇದೆ, ಇಷ್ಟು ತಿಂಗಳ ಖರ್ಚು ಬ್ಯಾಂಕಿನಲ್ಲಿದೆ ಅಂತ ಕಂಡರೆ ಅವರ ಭಯ ಅರ್ಧ ಇಳಿಯುತ್ತದೆ.

ಮದುವೆ ಆಗಬೇಕಾದವರು ಗಂಡು ಹೆಣ್ಣು ನೋಡುವ ಮೊದಲೇ ಈ ವಿಷಯ ತಿಳಿಸಿಬಿಡುವುದು ಒಳ್ಳೆಯದು. ಸಂಬಂಧ ತಪ್ಪಬಹುದು. ಮುಚ್ಚಿಟ್ಟು ಮಾಡಿಕೊಂಡರೆ ಮುಂದೆ ಆಗುವ ಜಗಳಕ್ಕಿಂತ ಅದು ವಾಸಿ.

ಒಂಟಿತನವನ್ನೂ ಹೋಲಿಸಿ ನೋಡಿ. ಒಮ್ಮೆಲೇ ಬಿಟ್ಟವರಿಗೆ ಇದು ಅತಿ ಜಾಸ್ತಿ. ಕಾಫಿಗೆ ಕರೆಯುವ ಸಹೋದ್ಯೋಗಿ ಇಲ್ಲ, ಸರಿಯೋ ತಪ್ಪೋ ಹೇಳುವ ಮೇಲಿನವರಿಲ್ಲ, ಪ್ರಿಂಟರ್ ಕೆಟ್ಟರೆ ಕರೆಯಲು ಐಟಿ ವಿಭಾಗ ಇಲ್ಲ. ಕೆಲಸದ ಜೊತೆ ಮಾಡುವವರಿಗೆ ಒಂಟಿತನಕ್ಕೆ ಪುರುಸೊತ್ತೇ ಇರುವುದಿಲ್ಲ. ಅವರ ಕಷ್ಟ ದಣಿವಿನದು. ಕನ್ಸಲ್ಟಿಂಗ್‌ನವರಿಗೆ ಜನ ಸಿಗುತ್ತಾರೆ, ಆದರೆ ಮನಸ್ಸು ಎರಡು ಕಡೆ ಹಂಚಿಹೋಗುತ್ತದೆ. ನಿಮ್ಮ ಸ್ವಭಾವಕ್ಕೆ ಯಾವುದು ತಡೆಯುತ್ತದೆ ಅನ್ನುವುದು ನಿಮಗೇ ಗೊತ್ತು. ಜನರ ನಡುವೆ ಚುರುಕಾಗುವವರು ಮೊದಲ ದಾರಿ ಹಿಡಿದರೆ ಕೂಡಲೇ ಅದೇ ಕಸುಬಿನ ನಾಲ್ಕು ಜನರ ಪರಿಚಯ ಮಾಡಿಕೊಳ್ಳಿ. ನನಗೆ ಬ್ಯಾಡಗಿಯ ದಲಾಲರು, ಮಿಲ್ಲಿನವರು ಕಲಿಸಿದ್ದು ಯಾವ ತರಬೇತಿಯಲ್ಲೂ ಸಿಕ್ಕಿರಲಿಲ್ಲ.

ವಯಸ್ಸಾಯಿತು ಅನ್ನುವ ಚಿಂತೆ ಬೇಡ. ಫಾಲ್ಗುಣಿ ನಾಯರ್ ಬ್ಯಾಂಕಿಂಗ್ ಕೆಲಸ ಬಿಟ್ಟು 2012ರಲ್ಲಿ ಸೌಂದರ್ಯ ಸಾಮಗ್ರಿ ಮಾರುವ ನೈಕಾ ಶುರು ಮಾಡಿದಾಗ ಐವತ್ತರ ಹತ್ತಿರ ಇದ್ದರು. ನಲವತ್ತೈದು ದಾಟಿದವರ ಹತ್ತಿರ ಪರಿಚಯ, ಉಳಿತಾಯ, ತಾಳ್ಮೆ ಮೂರೂ ಇರುತ್ತವೆ. ಮಕ್ಕಳ ಕಾಲೇಜು ಫೀಸಿನ ದುಡ್ಡನ್ನು ಮಾತ್ರ ವ್ಯಾಪಾರಕ್ಕೆ ಹಾಕಬೇಡಿ.

ಯಾರಿಗೆ ಯಾವುದು

ಸಂಗಾತಿಗೆ ಸ್ಥಿರ ಸಂಬಳ ಇದ್ದು ಮನೆ ಖರ್ಚು ಅದರಲ್ಲಿ ನಡೆಯುವುದಾದರೆ ನಾಲ್ಕನೆಯ ದಾರಿ. ದುಡಿಯುವವರು ಒಬ್ಬರೇ, ಇಎಂಐ ಇದೆ, ಕೈಯಲ್ಲಿ ಮಾರಬಹುದಾದ ವಿದ್ಯೆ ಇದೆ ಅಂದರೆ ಕನ್ಸಲ್ಟಿಂಗ್ ಜೊತೆ ವ್ಯಾಪಾರ. ಮಾರುವ ವಸ್ತು ಜನಕ್ಕೆ ಬೇಕೋ ಬೇಡವೋ ಅನ್ನುವುದೇ ಇನ್ನೂ ಗೊತ್ತಿಲ್ಲ ಅಂದರೆ ಕೆಲಸದಲ್ಲಿದ್ದುಕೊಂಡು ಪರೀಕ್ಷೆ ಮಾಡಿ, ಗಡುವು ಹಾಕಿಕೊಂಡು. ಮೊದಲ ದಾರಿಯನ್ನು ನಾನು ಹೇಳುವುದು ಗಿರಾಕಿ ಆಗಲೇ ಸಿಕ್ಕಿರುವವರಿಗೆ, 18 ತಿಂಗಳ ದುಡ್ಡು ಇರುವವರಿಗೆ, ಇಎಂಐ ಇಲ್ಲದವರಿಗೆ. ಬಾಸ್ ಮೇಲಿನ ಸಿಟ್ಟಿಗೆ ಬಿಡುವುದಾದರೆ ಕಂಪನಿ ಬದಲಾಯಿಸಿ ನೋಡಿ. ವ್ಯಾಪಾರದಲ್ಲಿ ಪ್ರತಿ ಗಿರಾಕಿಯೂ ಒಬ್ಬ ಬಾಸ್.

ದಾರಿ ತೀರ್ಮಾನವಾದ ಮೇಲೆ ನೋಟಿಸ್ ಪೀರಿಯಡ್ಡನ್ನು ಹಾಳು ಮಾಡಬೇಡಿ. ಐಟಿ ಕಂಪನಿಗಳಲ್ಲಿ 60 ರಿಂದ 90 ದಿನ ಇರುತ್ತದೆ. ಕೆಲಸ ಬಿಟ್ಟ ಮೇಲೆ ಅದೇ ಬಗೆಯ ವ್ಯಾಪಾರ ಮಾಡಬಾರದು ಅನ್ನುವ ಷರತ್ತು 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದರೆ ಕಂಪನಿಯ ಗುಟ್ಟಿನ ಮಾಹಿತಿ, ಗಿರಾಕಿಗಳ ಪಟ್ಟಿ ತಗೊಂಡು ಹೋಗುವುದು ಬೇರೆಯೇ ವಿಷಯ, ಅದಕ್ಕೆ ಕೈ ಹಾಕಬೇಡಿ. ಕಂಪನಿಯ ಷೇರನ್ನು ಗೊತ್ತಾದ ಬೆಲೆಗೆ ಕೊಳ್ಳುವ ಹಕ್ಕು (ಷೇರು ಆಯ್ಕೆ) ನಿಮಗಿದ್ದರೆ ಬಿಟ್ಟ ಮೇಲೆ ಎಷ್ಟು ದಿನದೊಳಗೆ ಕೊಳ್ಳಬೇಕು, ಅದಕ್ಕೆ ತೆರಿಗೆ ಎಷ್ಟು ಅಂತ ಎಚ್‌ಆರ್‌ನಿಂದ ಬರಹದಲ್ಲಿ ಪಡೆಯಿರಿ. ಕೈಯಲ್ಲಿರುವ ಕೆಲಸವನ್ನು ಚೊಕ್ಕವಾಗಿ ಒಪ್ಪಿಸಿ ಬನ್ನಿ. ನಿಮ್ಮ ಜೊತೆ ದುಡಿದ ಮ್ಯಾನೇಜರ್‌ಗಳಲ್ಲಿ ಯಾರೋ ಒಬ್ಬರು ಮುಂದೆ ಗಿರಾಕಿ ಆಗಬಹುದು, ಬೇಕಾದರೆ ಮತ್ತೆ ಕೆಲಸ ಕೊಡುವವರೂ ಆಗಬಹುದು. ರಿಲೀವಿಂಗ್ ಲೆಟರ್, ಕೊನೆಯ ಮೂರು ತಿಂಗಳ ಸಂಬಳದ ಚೀಟಿ, ಇಷ್ಟನ್ನೂ ಆಫೀಸ್ ಮೇಲ್ ಮುಚ್ಚುವ ಮೊದಲೇ ನಿಮ್ಮ ಸ್ವಂತ ಮೇಲ್‌ಗೆ ತರಿಸಿಕೊಳ್ಳಿ. ಸಂಬಳದಲ್ಲಿ ಕಡಿತವಾದ ತೆರಿಗೆಯ ಪ್ರಮಾಣಪತ್ರ ಆಮೇಲೆ ಬರುತ್ತದೆ, ಅದೂ ಸ್ವಂತ ಮೇಲ್‌ಗೇ ಬರುವಂತೆ ಹೇಳಿಡಿ. ಪಿಎಫ್‌ನಲ್ಲಿ ಬಿಟ್ಟ ದಿನಾಂಕ ಸರಿಯಾಗಿ ದಾಖಲಾಗಿದೆಯಾ ಅಂತಲೂ ಬಿಟ್ಟ ಮೇಲೆ ನೋಡಿಕೊಳ್ಳಿ.